ಬಚ್ಚಲ ಹಿಂದಿನ ಸಲಾಕೆ

ಇವತ್ತು ಬೆಳಿಗ್ಗೆ ಹಂಡೆ ಒಲೆಗೆ ಸಿಪ್ಪೆ ತರಲು ಹೋದರೆ, ರಾತ್ರಿಯ ಮಳೆಗೆ ರಾಶಿಯೆಲ್ಲ ನೆನೆದು ಹುಳಿ ವಾಸನೆ ಹೊಡೆಯುತ್ತಿತ್ತು. ತೆಂಗಿನ ಸಿಪ್ಪೆ ನೆನೆದರೆ ಹೀಗೇ. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ನಗು ಬಂತು. ನಮ್ಮತ್ತೆಯ ಹಸು ಗೌರಿ ಸಂತೆಗೆ ಹೋಗದೆ ಉಳಿದ ಕಥೆಗೂ ಈ ಸಿಪ್ಪೆಗೂ ಹಳೆಯ ನಂಟು.

ನೊಣವಿನಕೆರೆ ಕಡೆಯ ನಮ್ಮ ತೋಟಗಳಲ್ಲಿ ಯಾವ ಕಷ್ಟಕ್ಕೂ ಮದ್ದು ಸಿಪ್ಪೆಯೇ ನೋಡಿ. ಮರದ ಬುಡ ಒಣಗಿತೆ, ಸಿಪ್ಪೆ ಹೂಳಿ. ಕೊಟ್ಟಿಗೆಯಲ್ಲಿ ಸೊಳ್ಳೆಯೇ, ಸಿಪ್ಪೆ ಹೊಗೆ ಹಾಕಿ. ಕಾಲು ನೋವಿಗೆ ಇನ್ನೂ ಯಾರೂ ಹೇಳಿಲ್ಲ, ಅಷ್ಟೇ.

ಗೌರಿ ಹುಟ್ಟಿದ ವಾರದಲ್ಲೇ ತಾಯಿ ಸತ್ತಿತ್ತು. ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದರು. ಮುದ್ದು ಹೆಚ್ಚಾಗಿ ಬುದ್ಧಿ ಕೆಟ್ಟಿತು ಎಂಬುದು ನನ್ನ ಅಭಿಪ್ರಾಯ. ಅತ್ತೆಯ ಮುಂದೆ ಹೇಳುವ ಧೈರ್ಯ ಇವತ್ತಿಗೂ ಇಲ್ಲ. ಹಸಿರು ಹುಲ್ಲು ಎಷ್ಟಿದ್ದರೂ ಅವಳಿಗೆ ಬೇಕಾದದ್ದು ಪಕ್ಕದ ತೋಟದ ಸಿದ್ದಣ್ಣ ಹೊಸದಾಗಿ ನೆಟ್ಟಿದ್ದ ತೆಂಗಿನ ಸಸಿಗಳ ಸುಳಿ. ಸುಳಿ ಹೋದರೆ ಸಸಿಯೇ ಹೋದಂತೆ. ಸಿದ್ದಣ್ಣ ಎಷ್ಟು ದಿನ ತಾಳಿಯಾನು?

"ಅವ್ವಾ, ಇನ್ನೊಂದ್ ಸತಿ ನುಗ್ಗುದ್ರೆ ಸಂತೆಗೆ ಹೊಡಿಯದೇಯ. ಮಾತ್ ಕೊಡಿ ಈಗ" ಎಂದ.

"ಆಯ್ತು ಕಣಪ್ಪ, ಹೊಡ್ದ್ ಬುಡ್ತೀನಿ" ಎಂದರು ಅತ್ತೆ. ಅವತ್ತು ಊಟ ಮಾಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು. ನನಗೆ ಭಯವಾದದ್ದೂ ಅದಕ್ಕೇ.

ಹಾಗಾಗಿ ಕರೆಂಟ್ ಬೇಲಿ ಬಂತು. ಗೋಡೆಗೊಂದು ಶಾಕ್ ಕೊಡುವ ಡಬ್ಬಿ, ತೋಟದ ಅಂಚಿಗೆ ತಂತಿ, ಅರ್ತಿಂಗಿಗೆಂದು ನೆಲದಲ್ಲಿ ನಿಲ್ಲಿಸಲು ಕಬ್ಬಿಣದ ಸಲಾಕೆ. "ಸಲಾಕೆ ಇರೋ ಕಡೆ ಯಾವಾಗ್ಲೂ ತೇವ ಇರ್ಬೇಕು" ಎಂದಿದ್ದರು ಅಂಗಡಿಯವರು. ತೇವ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆ ಸೊಸೆ ಇಬ್ಬರೂ ಗುಂಡಿ ತೆಗೆದು, ನಡುವೆ ಸಲಾಕೆ ನಿಲ್ಲಿಸಿ, ಸುತ್ತ ಸಿಪ್ಪೆ ತುಂಬಿ ನೀರು ಸುರಿದೆವು. ಸಿದ್ದಣ್ಣನೂ ಇಣುಕಿ ನೋಡಿ ಭೇಷ್ ಎಂದ. ಡಬ್ಬಿ ಟಿಕ್ ಟಿಕ್ ಎನ್ನತೊಡಗಿತು. ನಾವು ಮೂವರೂ ಅದನ್ನು ನಂಬಿದೆವು.

ಬಿಸಿಲು ಏರಿತು. ಒಂದು ಮಧ್ಯಾಹ್ನ ನೋಡಿದರೆ ಗೌರಿ ಅದೇ ತಂತಿಗೆ ಹಾಯಾಗಿ ಕತ್ತು ಉಜ್ಜುತ್ತ ನಿಂತಿದ್ದಾಳೆ! ಡಬ್ಬಿ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಲೇ ಇದೆ. ಅತ್ತೆ ಓಡಿಹೋಗಿ ಅವಳ ಕೊರಳು ತಬ್ಬಿಕೊಂಡರು. ಆ ಮುಖ ನನ್ನಿಂದ ನೋಡಲಾಗಲಿಲ್ಲ.

ಕೂಗಾಡುತ್ತಲೇ ಬಂದ ಸಿದ್ದಣ್ಣ ಡಬ್ಬಿ ಆಫ್ ಮಾಡಿಸಿ, ಸಲಾಕೆ ಹಿಡಿದು ಅಲುಗಿಸಿದ. ಅದು ಕೈಗೇ ಬಂತು.

"ಅಕ್ಕಾ, ಇದು ಮಣ್ಣೇ ಮುಟ್ಟಿಲ್ವಲ್ಲಾ!" ಎಂದ ನನ್ನ ಕಡೆ ತಿರುಗಿ.

ಸಿಪ್ಪೆ ಒಣಗಿ ಸಂದಿನ ತುಂಬ ಬರೀ ಗಾಳಿ. ಡಬ್ಬಿಯಿಂದ ಹೊರಟ ಕರೆಂಟು ತಂತಿಯಿಂದ ಹಸುವಿನ ಮೈಗೆ, ಅದರ ಕಾಲಿನಿಂದ ನೆಲಕ್ಕೆ ಇಳಿದು, ಸಲಾಕೆ ಹತ್ತಿ ಡಬ್ಬಿಗೆ ಮರಳಬೇಕಂತೆ. ನಮ್ಮೂರ ಬಸ್ಸಿನ ಹಾಗೆಯೇ. ವಾಪಸ್ ಬರುವ ದಾರಿ ಇಲ್ಲದಿದ್ದರೆ ಹೊರಡುವುದೇ ಇಲ್ಲ.

"ಬಚ್ಚಲ್ ನೀರು ಹೋಗೋ ತಾವ ಹೊಡಿರಪ್ಪಾ" ಎಂದರು ಅತ್ತೆ. ಒಂದರ ಬದಲು ಮೂರು ಸಲಾಕೆಗಳನ್ನು ದೂರ ದೂರ ಇಟ್ಟು, ಗುಂಡಿ ತೋಡದೆ, ಸುತ್ತಿಗೆಯಿಂದ ಗಟ್ಟಿ ಮಣ್ಣಿಗೇ ಇಳಿಸಿ, ತಂತಿಯಿಂದ ಜೋಡಿಸಿದೆವು. ಸಿದ್ದಣ್ಣ ಹಸಿ ಗರಿಕೆ ಎಳೆಯೊಂದನ್ನು ಬೇಲಿಗೆ ಮುಟ್ಟಿಸಿದವನೇ "ಅಯ್ಯಯ್ಯಪ್ಪಾ!" ಎಂದು ನೆಗೆದ.

"ಗೌರಿ ಸಾಯಾಕಿಲ್ಲ ತಾನೇ ಅಪ್ಪಾ?"

"ನಾನ್ ಸತ್ನಾ ಅವ್ವಾ?"

ಗೌರಿ ಬಂದಳು, ಮೂಗು ಚಾಚಿದಳು, ಒಂದೇ ನೆಗೆತಕ್ಕೆ ಹಿಂದೆ ಸರಿದು, ಅವಮಾನವಾದವಳಂತೆ ನಮ್ಮನ್ನೆಲ್ಲ ನೋಡಿದಳು. ಅತ್ತೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ರಾತ್ರಿ ಇಬ್ಬರೂ ಒಂದು ಮುದ್ದೆ ಹೆಚ್ಚೇ ಉಂಡೆವು.

ಇವತ್ತು ಸಿಪ್ಪೆ ಹೊತ್ತು ಒಳಗೆ ಬಂದಾಗ ಗಮನಿಸಿದೆ: ಮಳೆಗೆ ಕರೆಂಟ್ ಹೋಗಿ ಡಬ್ಬಿ ಸುಮ್ಮನಿದೆ. ಸಿಪ್ಪೆ ಅಲ್ಲೇ ಹಾಕಿ ತೋಟಕ್ಕೆ ಓಡಿದೆ. ಮುದಿ ಗೌರಿ ತಂತಿಯಿಂದ ಮಾರು ದೂರದಲ್ಲಿ ನಿಂತಿದ್ದಳು. ಆಚೆ ಬದಿಯಲ್ಲಿ ಸಿದ್ದಣ್ಣ, ಅಂದು ಸಸಿಯಾಗಿದ್ದು ಈಗ ಗೊನೆ ಬಿಡುತ್ತಿರುವ ಮರವೊಂದರ ಹಸಿ ಗರಿ ಹಿಡಿದು ಕರೆಯುತ್ತಿದ್ದ. ಅವಳು ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಕೊನೆಗೆ ಅವನೇ ಗರಿಯನ್ನು ಬೇಲಿಯ ಮೇಲಿಂದ ಈಚೆಗೆ ಎಸೆದ.

"ತಿನ್ನವ್ವಾ. ನೀನ್ ಉಳ್ಸಿದ್ ಮರದ್ದೇ ಕಣೇ."