ಸೋಮವಾರದ ನೊಗ

ರಾಚಪ್ಪನಿಗೆ ಯಾವ ಚಟವೂ ಇರಲಿಲ್ಲ, ಬುದ್ಧಿ ಹೇಳುವ ಚಟವೊಂದನ್ನು ಬಿಟ್ಟರೆ. ದೇವರ ಹಿಪ್ಪರಗಿ ಸಂತೆಗೆ ಹೋದರೆ ಬದನೆಕಾಯಿ ಮಾರುವವಳಿಗೆ ಬದನೆಕಾಯಿಯ ಬಗ್ಗೆ, ಬಸ್ಸು ಹತ್ತಿದರೆ ಡ್ರೈವರನಿಗೆ ಗೇರಿನ ಬಗ್ಗೆ ಹೇಳಿಯೇ ಇಳಿಯುವ ಆಸಾಮಿ. ಹಿಪ್ಪರಗಿಯಿಂದ ಮೂರು ಮೈಲಿಯ ಅವನ ಊರಲ್ಲಿ ಜನ ಅವನನ್ನು ದೂರದಿಂದ ಕಂಡರೆ ಹೊಲದ ಬದು ಜಿಗಿದು ಬೇರೆ ದಾರಿ ಹಿಡಿಯುತ್ತಿದ್ದರು.

ಎಪ್ಪತ್ತೈದರ ಹಿಂಗಾರಿನಲ್ಲಿ ಯಂಕಪ್ಪನೆಂಬ ಬಡ ರೈತ, ನೆಲದ ಹಸಿ ಆರಿಹೋದೀತೆಂದು ಹೆದರಿ ಸೋಮವಾರ ಎತ್ತು ಹೂಡಿ ಜೋಳ ಬಿತ್ತಿಬಿಟ್ಟ. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಊರವರು ಕಂಡೂ ಕಾಣದಂತೆ ಇದ್ದರು, ಪಾಪ, ಇರುವುದೇ ಒಂದೆಕರೆ ಎಂದು. ರಾಚಪ್ಪ ಬಿಡಬೇಕಲ್ಲ! ಗುಡಿಕಟ್ಟೆ ಹತ್ತಿ, "ಬಸವಣ್ಣಗ ಏಳು ದಿನದಾಗ ಒಂದ ದಿನ ಸೂಟಿ. ಅದನ್ನೂ ಕಸಗೊಂತಿ ಏನಲೇ?" ಎಂದು ಗದರಿಸಿ, ಐದು ತೆಂಗಿನಕಾಯಿ, ಒಂದು ಸೇರು ಎಣ್ಣೆ ದಂಡ ಹಾಕಿಸಿಯೇ ಮನೆಗೆ ಹೋಗಿ ಉಂಡ. ಯಂಕಪ್ಪ ತಲೆ ತಗ್ಗಿಸಿ ದಂಡ ತಂದು ದೇವರ ಮುಂದಿಟ್ಟ. ಆದರೆ ಮರೆಯಲಿಲ್ಲ.

ಮರುವರ್ಷ ರಾಚಪ್ಪನ ತಲೆಗೆ ಟ್ರ್ಯಾಕ್ಟರು ಹೊಕ್ಕಿತು. ಮನಗೂಳಿಯ ಜಮೀನ್ದಾರ ರಾವಸಾಬನ ಹಿತ್ತಿಲಲ್ಲಿ ಬ್ರಿಟಿಷರ ಕಾಲದ ಒಂದು ಟ್ರ್ಯಾಕ್ಟರು ಬಿಚ್ಚಿಕೊಂಡು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಅದರ ಹೊಟ್ಟೆಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಅದನ್ನು ರಾಚಪ್ಪ ಕೇಳಿದ್ದು ತನ್ನ ಜೋಡೆತ್ತಿಗೆ ಬದಲಾಗಿ! ರಾವಸಾಬನೇ ಒಂದು ಗಳಿಗೆ ಮಿಕಮಿಕ ನೋಡಿದ. "ಕಬ್ಬಿಣ ಒಯ್ದು ಹಾಕು. ಆಮ್ಯಾಲ ಎತ್ತು ತಂದು ನನ್ನ ಗ್ವಾದಲಿಗೆ ಕಟ್ಟು. ಕಟ್ಟೂತನಕ ಮನಸ್ಸು ಬದಲಿಸಿದ್ರ ನಾ ಏನೂ ಅನ್ನೂದಿಲ್ಲ," ಎಂದ.

ಆ ಎತ್ತುಗಳು ರಾಚಪ್ಪನ ಹೆಂಡತಿ ಸಿದ್ದಲಿಂಗವ್ವನ ತವರಾದ ಇಂಡಿಯಿಂದ ಕರುಗಳಾಗಿ ಬಂದಿದ್ದವು. ಅಂಗೈಯಲ್ಲಿ ಹಿಟ್ಟು ನೆಕ್ಕಿಸಿ ಸಾಕಿದ್ದಳು. ಸುದ್ದಿ ಕೇಳಿ ಎರಡು ದಿನ ಅನ್ನ ಮುಟ್ಟಲಿಲ್ಲ. "ಕೂಸು ಕೊಟ್ಟು ತೊಟ್ಟಲಾ ತರ್ತೀರೇನ್ರಿ?" ಎಂದು ಕೇಳಿದಳು.

"ಎತ್ತಿಗೆ ಮೇವು ಬೇಕು, ನೀರು ಬೇಕು, ಮ್ಯಾಲ ವಾರಕ್ಕೊಂದು ಸೂಟಿ ಬೇಕು. ಯಂತ್ರಕ್ಕ ಯಾವ ಸೋಮವಾರ?" ಎಂದ ರಾಚಪ್ಪ. ಗುಡಿಕಟ್ಟೆಯ ಮೇಲೆ ಕೂಗಿದ್ದ ಬಾಯಿಯೇ ಇದು, ಬೇರೆಯದಲ್ಲ.

ಶನಿವಾರ ಮನಗೂಳಿಯಲ್ಲಿ ಭಾರ ಹೇರಿದರು. ಎರಡೇ ರಬ್ಬರ್ ಗಾಲಿಯ ಸಣ್ಣ ಟ್ರೇಲರು, ಮುಂದೆ ನೊಗ, ನೊಗಕ್ಕೆ ಅವೇ ಎತ್ತು. ತಮ್ಮನ್ನು ಮಾರಿ ಕೊಂಡ ಕಬ್ಬಿಣವನ್ನು ತಾವೇ ಎಳೆಯುವ ಭಾಗ್ಯ! ರಾವಸಾಬನ ಆಳು ಭೀಮಶ್ಯಾ, "ಎಂಜಿನ್ ಗಾಲಿ ಮ್ಯಾಲ ಬರೂಹಂಗ ಇಡ್ರಿ. ಮುಂಭಾರಾದ್ರ ಹೆಗಲು ಹರೀತಾವ," ಎಂದ. ರಾಚಪ್ಪನಿಗೇ ಬುದ್ಧಿ ಹೇಳಲು ಇವನ್ಯಾರು! ಎದುರಿಗೆ ಬರುವವರ ಕಣ್ಣಿಗೆ ಮೊದಲು ಎಂಜಿನ್ನೇ ಬೀಳಬೇಕೆಂದು ಅದನ್ನು ಎಳೆಸಿ ಎಳೆಸಿ ತೀರಾ ಮುಂದೆಯೇ ಇಡಿಸಿದ. "ಹೆಂಗೂ ಕೊಟ್ಟುಬಿಡೂ ಎತ್ತು, ಹೆಗಲು ಎಷ್ಟು ಹರಿದ್ರೇನು?" ಎಂದು ಮೇಲೇರಿ ಕೂತ.

ಭಾನುವಾರ ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಬಹುದಿತ್ತು. ಆದರೆ ಬಾಗೇವಾಡಿಯ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿ ಮೂರು ತಾಸು ಯಂತ್ರದ ಮಹಿಮೆ ಹೇಳಿದ. ಮುದುಕನೊಬ್ಬ, "ಕಬ್ಬಿನ ಗಾಣ ಏನ್ರಿ ಇದು?" ಎಂದ. ಮತ್ತೆ ಮೊದಲಿನಿಂದ ಹೇಳಿದ. ದಾರಿಯ ಪ್ರತಿ ಊರಿನಲ್ಲೂ ಇದೇ ಪುರಾಣ. ಹೀಗಾಗಿ ಊರಂಚಿನ ಹಳ್ಳ ದಾಟಿ ದಂಡೆ ಹತ್ತಿದಾಗ ಸೋಮವಾರ ಬೆಳಗಾಗಿತ್ತು. ಮನೆ ಇನ್ನರ್ಧ ಮೈಲಿ.

ಹಳ್ಳದ ದಂಡೆಯಲ್ಲಿ ಸಿದ್ದಲಿಂಗವ್ವ ನಿಂತಿದ್ದಳು. ನೀರಿಗೆ ಬಂದ ಹೆಂಗಸರಿದ್ದರು, ಯಂಕಪ್ಪನೂ ಇದ್ದ. ಅವಳು ನೊಗದ ಕೆಳಗೆ ಗೂಟ ನಿಲ್ಲಿಸಿ, ಎತ್ತುಗಳ ಕೊರಳ ಹಗ್ಗ ಬಿಚ್ಚಿದಳು.

"ಇವತ್ತ ಸೋಮವಾರ ಐತ್ರಿ."

"ಇನ್ನರ್ಧ ಮೈಲಿ ಐತಿ, ಅಷ್ಟಕ್ಕ ಏನಾಗತೈತಿ?"

"ಯಂಕಪ್ಪಂದು ಒಂದ ಎಕರೆ ಇತ್ತು."

ಹೆಂಗಸರು ಸೆರಗು ಬಾಯಿಗಿಟ್ಟರು. ರಾಚಪ್ಪನಿಗೆ ಮೈಯೆಲ್ಲ ಉರಿಯಿತು. ನಾಳೆಯವರೆಗೆ ಹಳ್ಳದಲ್ಲಿ ಕಬ್ಬಿಣ ಕಾಯುತ್ತ ಕೂತರೆ ಮರ್ಯಾದೆ ಮೂರು ಕಾಸಿಗೆ ಹರಾಜು. ದೋತರ ಮೇಲೆತ್ತಿ ಕಟ್ಟಿ, "ನಾನ ಎಳೀತೇನಿ," ಎಂದು ನೊಗದಡಿ ಹೆಗಲು ಕೊಟ್ಟು, ಗೂಟ ಒದ್ದ.

ಒಂದು ಹೆಜ್ಜೆಯೂ ಆಗಲಿಲ್ಲ. ಎಂಜಿನ್ ಇಡೀ ಅವನ ಕತ್ತಿನ ಮೇಲೆ ಬಂದು ಕೂತಿತು. ಮೊಣಕಾಲು ಮಡಚಿ ಎರೆಮಣ್ಣಿಗೆ ಮುಖವಿಟ್ಟ. ಯಂಕಪ್ಪ ಓಡಿ ಬಂದು ನೊಗಕ್ಕೆ ಬೆನ್ನು ಕೊಡದಿದ್ದರೆ ಕತ್ತು ಮುರಿಯುತ್ತಿತ್ತು. ಹೆಂಗಸರೂ ಕೈಹಚ್ಚಿ ಎತ್ತಿ ಗೂಟ ನಿಲ್ಲಿಸಿದರು.

ರಾಚಪ್ಪ ಮಣ್ಣಿನಲ್ಲೇ ಕೂತು ಏದುಸಿರು ಬಿಟ್ಟ. ಯಂಕಪ್ಪನತ್ತ ತಲೆಯೆತ್ತಿ, "ನನಗೂ ದಂಡ ಹಾಕ್ತಿ ಏನಪಾ?" ಎಂದ.

"ನಿಮಗ ಎದಕ್ರಿ, ರಾಚಪ್ಪಣ್ಣಾರ? ಸೋಮವಾರ ಎತ್ತಿಗಷ್ಟ ಐತಿ," ಎಂದ ಯಂಕಪ್ಪ. "ಬುದ್ಧಿ ಇದ್ದ ಪ್ರಾಣಿಗೆ."

ರಾಚಪ್ಪ ಕತ್ತು ಮುಟ್ಟಿಕೊಂಡ, ಕೈಗೆ ರಕ್ತ ಹತ್ತಿತು. ಆಗ ಎತ್ತುಗಳ ಕಡೆ ನೋಡಿದ. ಎರಡರ ಹೆಗಲೂ ಸುಲಿದು ಕೆಂಪಾಗಿ, ಮೇಲೆ ನೊಣ ಕೂತಿದ್ದವು. ಎರಡು ದಿನ ಅವುಗಳ ಬೆನ್ನ ಹಿಂದೆಯೇ ಕೂತು ಬಂದಿದ್ದ, ಒಮ್ಮೆಯೂ ನೋಡಿರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ನಾಚಿಕೆಯಾಯಿತು.

"ನಾಳೆ ಕಬ್ಬಿಣ ತಿರುಗಿ ಒಯ್ದು ಮನಗೂಳಿಗೇ ಹಾಕಿ ಬರ್ತೇನಿ," ಎಂದ.

"ನಾಳೆ ಬ್ಯಾಡ್ರಿ. ಗಾಯ ಮಾಯಲಿ," ಎಂದಳು ಸಿದ್ದಲಿಂಗವ್ವ. ಯಾರ ಗಾಯ ಎಂದು ಅವನು ಕೇಳಲಿಲ್ಲ. ಅವಳು ಆಗಲೇ ಎತ್ತುಗಳ ಹೆಗಲಿಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದಳು.

ಗಾಯ ಮಾಯಲು ಇಪ್ಪತ್ತು ದಿನ ಬೇಕಾಯಿತು. ಅಷ್ಟೂ ದಿನ ಟ್ರೇಲರು ಹಳ್ಳದ ದಂಡೆಯಲ್ಲೇ ನಿಂತಿತ್ತು, ರಾಚಪ್ಪ ಅದರ ಕಾವಲಿಗೆ ಕೂತಿದ್ದ. ಈಗ ಯಾರೂ ಬದು ಜಿಗಿಯಲಿಲ್ಲ. ಹೋಗುವವರು, ಬರುವವರು, ಎಮ್ಮೆ ಕಾಯುವವರು ಕೂಡ ಒಂದು ಗಳಿಗೆ ನಿಂತು, ಗಾಡಿಗೆ ಭಾರ ಹೇಗೆ ಹೇರಬೇಕೆಂದು ರಾಚಪ್ಪನಿಗೆ ಸಾವಕಾಶ ಹೇಳಿ ಮುಂದೆ ಹೋಗುತ್ತಿದ್ದರು. ಅವನು ಹೂಂ ಎನ್ನುತ್ತಿದ್ದ.