ಒಂದಲ್ಲ, ಒಂದರ ಹಂಗ

ಅವರ ಗಡ್ಡಕ್ಕೆ ಎರಡು ಬಣ್ಣ. ತುದಿಯಲ್ಲಿ ಮದರಂಗಿಯ ಕೆಂಪು, ಬುಡದಲ್ಲಿ ಜೋಳದ ಹಿಟ್ಟಿನ ಬಿಳುಪು. ವರ್ಷಕ್ಕೆ ಎರಡೇ ಸಲ, ಎರಡು ಈದಿಗೆ ಮದರಂಗಿ ಹಚ್ಚಿಕೊಳ್ಳುತ್ತಿದ್ದರು. ನಡುವೆ ಎಷ್ಟು ಬೆಳೆದರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಬ್ಬ ಕಳೆದು ಎಷ್ಟು ತಿಂಗಳಾಯಿತೆಂದು ಆ ಗಡ್ಡ ನೋಡಿ ಹೇಳಬಹುದಿತ್ತು.

ಲಿಂಗಸುಗೂರಿನ ಸರಕಾರಿ ಶಾಲೆಯಲ್ಲಿ ಅವರು ಫಾರಸಿ ಕಲಿಸುತ್ತಿದ್ದರು. ನಾನು ಗುರುಗುಂಟಾದ ಲಿಂಗಾಯತರವನು. ಹೈದರಾಬಾದಿನಲ್ಲಿ ಓದು ಮುಗಿಸಿ ಅದೇ ಶಾಲೆಗೆ ಲೆಕ್ಕದ ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತೆರಡು, ಅವರಿಗೆ ಐವತ್ತು ದಾಟಿತ್ತು. ನಿಜಾಮರ ಆಳ್ವಿಕೆ, ದೂರದಲ್ಲೆಲ್ಲೋ ಯುದ್ಧ ನಡೆದಿತ್ತು. ಊರೆಲ್ಲ ಅವರನ್ನು ಮೌಲ್ವಿ ಸಾಹೇಬರು ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಹೆಂಡತಿ ಬಹಳ ಹಿಂದೆ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದೇ ಮನೆಯ ಎರಡು ಕೋಣೆಗಳಲ್ಲಿ ನಾವಿಬ್ಬರೂ ಬಾಡಿಗೆಗಿದ್ದೆವು. ಅವರಿಗೆ ರೊಟ್ಟಿ ಬಡಿಯಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಅವರು ಬಡಿದ ರೊಟ್ಟಿಯನ್ನೇ ಮೂರು ವರ್ಷ ತಿಂದೆ. ಗುರುಗುಂಟಾದಲ್ಲಿ ಅವ್ವನಿಗೆ ಇದು ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ.

ಆಗ ನಮಗೆ ಶುಕ್ರವಾರ ರಜೆ. ಗುರುವಾರ ಸಂಜೆ ಅವರು ಇದ್ದಿಲಿನ ಗ್ಯಾಸಿನಿಂದ ಓಡುವ ಸರ್ವಿಸ್ ಮೋಟಾರು ಹತ್ತಿ ಮಸ್ಕಿಗೆ ಹೋಗುತ್ತಿದ್ದರು. ಮೋಟಾರು ಕೆಟ್ಟರೆ ಬಂಡಿ, ಬಂಡಿ ಸಿಗದಿದ್ದರೆ ನಡಿಗೆ. ಯಾಕೆ ಹೋಗುತ್ತಾರೆಂದು ಕೇಳಿದೆ. "ಮಾತಾಡಾಕ" ಎಂದರು. ಅಷ್ಟು ದೂರ ಮಾತಾಡಲು ಹೋಗುವವರನ್ನು ನಾನು ನೋಡಿರಲಿಲ್ಲ. ಒಂದು ವಾರ ಜೊತೆಗೆ ಹೋದೆ.

ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಒಂದು ಮನೆ, ಮುಂದೆ ಕಲ್ಲಿನ ಕಟ್ಟೆ. ಅಲ್ಲಿ ಒಬ್ಬ ವಯಸ್ಸಾದ ಜಂಗಮರು, ಅಯ್ಯನವರು, ತಮ್ಮ ವಿಧವೆ ಅಕ್ಕನ ಜೊತೆ ಇದ್ದರು. ಅಯ್ಯನವರ ಕಣ್ಣು ಮುಕ್ಕಾಲು ಹೋಗಿತ್ತು. ಎಷ್ಟೋ ವರ್ಷಗಳ ಹಿಂದೆ ಮೌಲ್ವಿ ಸಾಹೇಬರು ಬಿಸಿಲಿಗೆ ತಡೆಯಲಾರದೆ ಆ ಕಟ್ಟೆಯ ಮೇಲೆ ಕೂತಿದ್ದರಂತೆ. ಒಳಗೆ ಅಯ್ಯನವರು ಯಾರಿಗೋ ಸೃಷ್ಟಿಯ ವಿಚಾರ ಹೇಳುತ್ತಿದ್ದದ್ದು ಕಿವಿಗೆ ಬಿದ್ದು, ಬಾಗಿಲ ಹೊರಗಿನಿಂದಲೇ ಒಂದು ಪ್ರಶ್ನೆ ಕೇಳಿದರಂತೆ. ಅಲ್ಲಿಂದ ಶುರುವಾದದ್ದು.

ನಾನು ಹೋದ ದಿನವೂ ಅದೇ ಮಾತು.

"ಮೊದಲ ಏನೂ ಇರಲಿಲ್ಲ ಅಂದ್ರ ತಪ್ಪಾಕ್ಕೈತಿ" ಎಂದರು ಅಯ್ಯನವರು. "ಏನೂ ಇಲ್ಲ ಅನ್ನೂದೂ ಇರಲಿಲ್ಲ. ಬಯಲು."

"ನಮ್ಮಾಗೂ ಹಂಗ ರೀ" ಎಂದರು ಮೌಲ್ವಿ ಸಾಹೇಬರು. "ಮೊದಲನೇ ಮಜಲಿಗೆ ಹೆಸರಿಲ್ಲ, ಗುಣ ಇಲ್ಲ. ಎರಡನೇದರಾಗ ಅದಕ್ಕ ತನ್ನ ಅರಿವಾತು."

"ನಾವು ಅದಕ್ಕ ನೆನವು ಅಂತೀವಿ. ಬಯಲಿಗೆ ಒಂದು ನೆನವು ಬಂತು. ಹಾಲು ಹೆಪ್ಪಾದಂಗ ಹೆಪ್ಪಾತು."

ಮೌಲ್ವಿ ಸಾಹೇಬರ ಲೆಕ್ಕದಲ್ಲಿ ಅರಿವಿನಿಂದ ಹೆಸರುಗಳು, ಹೆಸರುಗಳಿಂದ ಜೀವಗಳು, ಆಮೇಲೆ ಕನಸಿನಲ್ಲಿ ಕಾಣುವಂಥ ಬರೀ ರೂಪಗಳು, ಆಮೇಲೆ ಮೈಗಳು, ಕಟ್ಟಕಡೆಗೆ ಮನುಷ್ಯ. ಒಟ್ಟು ಏಳು ಮಜಲು. ಅಯ್ಯನವರ ಲೆಕ್ಕದಲ್ಲಿ ಹೆಪ್ಪಾದ ಬಯಲೇ ಲಿಂಗ. ಅದು ಪೂಜೆಗೊಳ್ಳುವುದು, ಪೂಜಿಸುವುದು ಎಂದು ಎರಡಾಗಿ, ಒಂದೊಂದೂ ಆರಾಗಿ ಇಳಿಯಿತು. ಇಳಿದದ್ದು ಭಕ್ತನಾಗಿ ಹೊರಟು, ಆರು ಮೆಟ್ಟಿಲು ಹತ್ತಿ ಮತ್ತೆ ಬಯಲಾಗಬೇಕು.

"ಹಂಗಾದ್ರ ಎರಡೂ ಒಂದ ಆತಲ್ರಿ" ಎಂದೆ ನಾನು.

ಮೌಲ್ವಿ ಸಾಹೇಬರು ನನ್ನ ಕಡೆ ತಿರುಗಿದರು. "ಮಾಸ್ತರ್ರ, ನಿಮ್ಮ ಲೆಕ್ಕದಾಗ ಎರಡು ಗೆರಿ ಎಳದು ಸಮ ಅಂತೀರಿ. ಇಲ್ಲಿ ಆ ಗೆರಿ ಎಳೀಬ್ಯಾಡ್ರಿ. ಒಂದಲ್ಲ. ಒಂದರ ಹಂಗ."

ಅಯ್ಯನವರು ನಕ್ಕರು. "ಒಂದ ಆಗಿದ್ರ ಇವರು ಯಾಕ ಇಷ್ಟು ದೂರ ಬರ್ತಿದ್ರು?"

ಆಮೇಲೆ ನಾನು ಒಂದು ಶುಕ್ರವಾರವನ್ನೂ ತಪ್ಪಿಸಲಿಲ್ಲ. ಅವರು ಒಪ್ಪುತ್ತಿದ್ದದ್ದಕ್ಕಿಂತ ಜಗಳಾಡುತ್ತಿದ್ದದ್ದೇ ಹೆಚ್ಚು. ರೂಪಗಳಿಗೆ ಒಂದು ಪ್ರತ್ಯೇಕ ಮಜಲು ಇರುವುದನ್ನು ಅಯ್ಯನವರು ಒಪ್ಪುತ್ತಿರಲಿಲ್ಲ. "ಕನಸಿಗೆ ಒಂದು ಮಜಲು ಯಾಕ ಬೇಕ್ರಿ? ಎಚ್ಚರಾದ ಮ್ಯಾಲೆ ಅದು ಎಲ್ಲಿರತೈತಿ?"

ಮೌಲ್ವಿ ಸಾಹೇಬರು ಗಡ್ಡ ನೀವಿಕೊಂಡು ಹೇಳಿದರು: "ನಮ್ಮ ಮನಿಯಾಕಿ ಅಲ್ಲೇ ಬರ್ತಾಳ್ರಿ ಅಯ್ಯಾರ. ಮೈ ಇಲ್ಲ. ಆದರ ಅಕೀನ."

ಅಯ್ಯನವರು ಆ ವಾದವನ್ನು ಮತ್ತೆ ಎತ್ತಲಿಲ್ಲ.

ಇನ್ನೊಂದು ಜಗಳ ಮಾತ್ರ ಮುಗಿಯಲೇ ಇಲ್ಲ. ಮನುಷ್ಯ ಎಷ್ಟು ಮೇಲೆ ಹೋದರೂ ಆಳು ಆಳೇ, ಧಣಿ ಧಣಿಯೇ ಎಂದು ಮೌಲ್ವಿ ಸಾಹೇಬರು. ಮೇಲೆ ಹೋದಮೇಲೆ ಆಳೂ ಇಲ್ಲ, ಧಣಿಯೂ ಇಲ್ಲ ಎಂದು ಅಯ್ಯನವರು. ಒಮ್ಮೆ ಒಳಗಿನಿಂದ ಅಕ್ಕ ಕೂಗಿ ಕೇಳಿದರು: "ಆಳೂ ಇಲ್ಲ, ಧಣಿನೂ ಇಲ್ಲ ಅಂದ್ರ ಹೊಲ ಹರಗವರು ಯಾರು?"

ಅಕ್ಕನಿಗೆ ಈ ಬೈಠಕ್ಕು ಸೇರುತ್ತಿರಲಿಲ್ಲ. ಮೌಲ್ವಿ ಸಾಹೇಬರಿಗೆಂದೇ ಒಂದು ಅಲ್ಯೂಮಿನಿಯಂ ಲೋಟ ಹೊರಗಿನ ಗೂಡಿನಲ್ಲಿತ್ತು. ಮಜ್ಜಿಗೆಯನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಇವರು ಕುಡಿದು, ತಾವೇ ತೊಳೆದು, ಬೋರಲು ಹಾಕಿಡುತ್ತಿದ್ದರು. ಬರುವ ದಾರಿಯಲ್ಲಿ ನಾನು ಆ ಮಾತು ತೆಗೆದರೆ, "ಮಜ್ಜಿಗಿ ಛಲೋ ಇತ್ತಿಲ್ಲ?" ಎಂದು ಅಲ್ಲಿಗೇ ಮುಗಿಸುತ್ತಿದ್ದರು.

ಮೂರನೆಯ ವರ್ಷ ಎರಡೂ ಕಡೆಯಿಂದ ತಕರಾರು ಎದ್ದಿತು. ತುರುಕನಿಗೆ ಲಿಂಗದ ರಹಸ್ಯ ಹೇಳುತ್ತಾರೆಂದು ಅಯ್ಯನವರ ಭಕ್ತರಲ್ಲಿ ಅರ್ಧ ಜನ ಕಾಳು ತಂದುಕೊಡುವುದನ್ನು ಬಿಟ್ಟರು. ಬರಿದಾಗುತ್ತಿದ್ದ ಗಡಿಗೆಗಳನ್ನು ದಿನಾ ಕಾಣುತ್ತಿದ್ದವರು ಅಕ್ಕ. ಇತ್ತ ಲಿಂಗಸುಗೂರಿನಲ್ಲಿ, ಮೌಲ್ವಿ ಧರ್ಮ ಕೆಡಿಸುತ್ತಿದ್ದಾರೆಂದು ಯಾರೋ ಮೇಲಕ್ಕೆ ಅರ್ಜಿ ಹಾಕಿದರು. ಶಾಲೆಗಳ ತನಿಖೆಯ ಸಾಹೇಬರು ಬಂದರು. ನನ್ನನ್ನೂ ಕರೆಸಿದರು.

"ಅವರದೂ ನಮ್ಮದೂ ಒಂದೇ ಎನ್ನುತ್ತೀರಂತೆ" ಎಂದು ಸಾಹೇಬರು ಉರ್ದುವಿನಲ್ಲಿ ಕೇಳಿದರು.

"ಇಲ್ಲ" ಎಂದರು ಮೌಲ್ವಿ ಸಾಹೇಬರು.

ಸಾಹೇಬರ ಮುಖ ಸಡಿಲಾಯಿತು. ಅವರಿಗೂ ಇದು ಬೇಡವಾಗಿತ್ತು. "ಹಾಗಾದರೆ ಅವರದು ಸುಳ್ಳು ಎಂದು ಬರೆದುಕೊಡಿ. ಮುಗಿಯಿತು."

"ಅದನ್ನೂ ಹೇಳುವುದಿಲ್ಲ ಹುಜೂರ್. ಹೋಲುತ್ತವೆ ಎನ್ನುತ್ತೇನೆ. ಕಂಡ ಹೋಲಿಕೆಯನ್ನು ಕಂಡಿಲ್ಲ ಎಂದು ಹೇಗೆ ಬರೆಯಲಿ?"

ನನ್ನನ್ನು ಕೇಳಿದಾಗ, ಪ್ರತಿ ವಾರ ಜೊತೆಗಿದ್ದೇನೆ, ಯಾರ ಧರ್ಮಕ್ಕೂ ಅಲ್ಲಿ ಅವಮಾನವಾದದ್ದನ್ನು ಕೇಳಿಲ್ಲ ಎಂದೆ. ಸಾಹೇಬರು ಇಬ್ಬರ ಮಾತನ್ನೂ ಬರೆದುಕೊಂಡು ಹೋದರು. ತಿಂಗಳೊಳಗೆ ಮೌಲ್ವಿ ಸಾಹೇಬರಿಗೆ ಸಿಂಧನೂರಿಗೆ ವರ್ಗವಾಯಿತು.

ಟ್ರಂಕು ಕಟ್ಟಲು ನಾನೂ ಕೈಹಚ್ಚಿದೆ. ಹಗ್ಗ ಬಿಗಿಯುತ್ತ ಅವರು ಹೇಳಿದರು: "ಇವರು ನಕಾಶಿ ನೋಡಿಲ್ಲ ಕಾಣತೈತಿ ಮಾಸ್ತರ್ರ. ಮಸ್ಕಿ ನಡುವ ಐತಿ. ಇಲ್ಲಿಂದ ಹೋದ್ರೇನು, ಅಲ್ಲಿಂದ ಬಂದ್ರೇನು."

ಮಸ್ಕಿಗೆ ನಾನು ಪಡುವಣದಿಂದ, ಅವರು ಮೂಡಣದಿಂದ ಬಂದು ಸೇರುವುದು ರೂಢಿಯಾಯಿತು. ಅಯ್ಯನವರ ಮನೆಯಲ್ಲಿ ಕಾಳು ಕಡಿಮೆಯಾಗಿದ್ದದ್ದು ಮೌಲ್ವಿ ಸಾಹೇಬರಿಗೆ ತಿಳಿದಿತ್ತು. ಬರುವಾಗ ಸಿಂಧನೂರಿನಿಂದ ಒಂದು ಚೀಲದಲ್ಲಿ ತೊಗರಿಯೋ ಜೋಳವೋ ತಂದು ಕಟ್ಟೆಯ ಮೂಲೆಗೆ ಇಡುತ್ತಿದ್ದರು. ಅಕ್ಕ ಮೊದಲ ಎರಡು ವಾರ ಮುಟ್ಟಲಿಲ್ಲ. ಮೂರನೆಯ ವಾರ ಚೀಲ ಖಾಲಿಯಾಗಿ, ಮಡಚಿ ಅದೇ ಮೂಲೆಯಲ್ಲಿತ್ತು.

ಆ ಚಳಿಗಾಲದಲ್ಲಿ ಅಯ್ಯನವರು ಲಿಂಗೈಕ್ಯರಾದರು. ಸುದ್ದಿ ತಿಳಿದು ಇಬ್ಬರೂ ಹೋದೆವು. ಗುಂಡಿಯಲ್ಲಿ ಅವರನ್ನು ಕುಳ್ಳಿರಿಸಿ, ವಿಭೂತಿ ಪತ್ರಿ ತುಂಬುತ್ತಿದ್ದರು. ಊರ ಹಿರಿಯರೊಬ್ಬರು ಮೌಲ್ವಿ ಸಾಹೇಬರಿಗೆ ದೂರ ನಿಲ್ಲಲು ಹೇಳಿದರು. ಅವರು ಹೋಗಿ ಬೇವಿನ ಮರದ ಕೆಳಗೆ ನಿಂತರು. ನಾನು ಅವರ ಜೊತೆ ನಿಂತೆ. ಎಲ್ಲರೂ ಮಣ್ಣು ಹಾಕಿದರು. ಕೊನೆಗೆ ಅಕ್ಕ ಒಂದು ಹಿಡಿ ಮಣ್ಣು ತೆಗೆದುಕೊಂಡು ಮರದವರೆಗೆ ನಡೆದು ಬಂದು, ಅದನ್ನು ಇವರ ಅಂಗೈಯಲ್ಲಿಟ್ಟರು.

"ಇದು ನಿಮ್ಮ ಪಾಲಿಂದು. ಬಂದು ಹಾಕ್ರಿ."

"ಅಕ್ಕಾರ, ಅವರು…" ಎಂದು ಹಿರಿಯರು ಶುರುಮಾಡಿದರು.

"ನನ್ನ ತಮ್ಮನ ಜೋಡಿ ಇಷ್ಟು ವರ್ಷ ಕುಂತಾರ" ಎಂದರು ಅಕ್ಕ. "ನೀವು ಎಷ್ಟು ದಿನ ಕುಂತಿದ್ರಿ?"

ಹಿರಿಯರು ದಾರಿ ಬಿಟ್ಟರು. ಮೌಲ್ವಿ ಸಾಹೇಬರು ಬಂದು ಮಣ್ಣು ಹಾಕಿದರು.

ಆಮೇಲೂ ಅವರು ಶುಕ್ರವಾರ ಬರುವುದನ್ನು ಬಿಡಲಿಲ್ಲ. ಮಾತಾಡುವವರಿಲ್ಲದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಒಂದು ದಿನ ಅಕ್ಕ ಹೊಸ್ತಿಲ ಮೇಲೆ ಕೂತು ಕೇಳಿದರು: "ಸಾಹೇಬ್ರ, ನೀವಿಬ್ರೂ ಕೂಡಿ ಅಷ್ಟು ಮಜಲು ಎಣಿಸಿದ್ರಿ. ಈಗ ನನ್ನ ತಮ್ಮ ಯಾವುದರಾಗ ಅದಾನ?"

ನಾನು ಅವರ ಮುಖ ನೋಡಿದೆ. ಅವರಿಗೆ ಎರಡೂ ಏಣಿಗಳು ಬಾಯಿಪಾಠ. ಬೇಕಾದ ಉತ್ತರ ಕೊಡಬಹುದಿತ್ತು, ಅಕ್ಕನಿಗೆ ಸಮಾಧಾನವೂ ಆಗುತ್ತಿತ್ತು. ಅವರು "ಗೊತ್ತಿಲ್ಲ ಅಕ್ಕಾರ" ಎಂದರು.

ಅಕ್ಕ ತಲೆಯಾಡಿಸಿ ಒಳಗೆ ಹೋದರು. ತಮ್ಮನ ಹಿತ್ತಾಳೆ ಬಟ್ಟಲಿನಲ್ಲಿ ಮಜ್ಜಿಗೆ ತಂದು ಇವರ ಕೈಗೇ ಕೊಟ್ಟರು.

ನಾನು ಉತ್ತರ ಬರುವ ತನಕ ಲೆಕ್ಕ ಬಿಡದವನು. ಮುಂದೆ ನನ್ನ ಮನೆಯಲ್ಲೂ ಸಾವುಗಳಾದವು. ಬಂದವರೆಲ್ಲ ಹೋದವರು ಎಲ್ಲಿದ್ದಾರೆಂದು ಹೇಳಿ ಹೋದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಆ ಒಂದು ಮಾತು. ಅಷ್ಟು ಓದಿದವರು ಗೊತ್ತಿಲ್ಲ ಎಂದು ಬದುಕಿದ್ದರು. ನಾನೂ ಬದುಕಬಹುದು ಎನಿಸಿತು.

ಅಯ್ಯನವರು ಹೋದ ಮರುವರ್ಷದ ಬೇಸಿಗೆಯಲ್ಲಿ ಸಿಂಧನೂರಿನಲ್ಲಿ ಜ್ವರ ಬಂದು ಮೌಲ್ವಿ ಸಾಹೇಬರು ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಮಸೀದಿಯವರು ಎಲ್ಲ ಸಿದ್ಧ ಮಾಡಿದ್ದರು. ಮಣ್ಣು ಕೊಟ್ಟು ಖಬರಸ್ತಾನದಿಂದ ಹೊರಗೆ ಬಂದರೆ, ರಸ್ತೆಯ ಅಂಚಿಗೆ ಒಂದು ಬಂಡಿ ನಿಂತಿತ್ತು. ಪಕ್ಕದಲ್ಲಿ, ಸೆರಗು ಹೊದ್ದು, ಅಕ್ಕ. ಮಸ್ಕಿ ದಾಟಿ ಅವರು ಎಲ್ಲಿಗೂ ಹೋದದ್ದನ್ನು ನಾನು ಕೇಳಿರಲಿಲ್ಲ.

"ಮುಗೀತೇನ್ರಿ ಮಾಸ್ತರ್ರ?"

"ಮುಗೀತು ಅಕ್ಕಾರ."

"ಕುಂದ್ರಿಸಿದ್ರೋ, ಮಲಗಿಸಿದ್ರೋ?"

"ಮಲಗಿಸಿದ್ರು. ಅವರಾಗ ಮಲಗಿಸ್ತಾರ."

ಅಕ್ಕ ಖಬರಸ್ತಾನದ ಗೋಡೆಯ ಕಡೆ ತಿರುಗಿದರು.

"ಛಲೋ ಆತು" ಎಂದರು. "ನನ್ನ ತಮ್ಮಗ ಕುಂತು ರೂಢಿ. ಇವರು ಭಾಳ ಅಡ್ಡಾಡಿದವರು. ಮಲಗಲಿ."

ಆಮೇಲೆ ಬಂಡಿಯವನಿಗೆ ಎತ್ತು ಹೂಡಲು ಹೇಳಿದರು.