ನಂಜುಂಡಪ್ಪನವರ ನೀಲಿ ಪರೀಕ್ಷೆ

ನೀರು ಕೊಟ್ಟರೆ ನಂಜುಂಡಪ್ಪ ಸುಮ್ಮನೆ ಕುಡಿದವರಲ್ಲ. ಜೇಬಿನಿಂದ ಬಿಳಿ ಕಾಗದದ ಚೂರು ತೆಗೆದು, ಲೋಟದ ಹಿಂದೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಮದುವೆಮನೆಯಲ್ಲೂ ಬಿಡುತ್ತಿರಲಿಲ್ಲ. ಅವರ ಹೆಂಡತಿ ಗಿರಿಜಮ್ಮ ನಾಚಿಕೆಯಿಂದ ಆ ಕಡೆ ತಿರುಗಿ ಕೂರುತ್ತಿದ್ದರು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬಾಯ್ಲರಿನ ನೀರು ಕಾಯ್ದ ಮನುಷ್ಯ. ನೀರಲ್ಲಿ ಕರಗಿದ ಸಿಲಿಕಾ ಕೊಳವೆಯೊಳಗೆ ಗಾಜಿನಂತೆ ಕಟ್ಟುತ್ತದಂತೆ. ನಿವೃತ್ತರಾದ ಮೇಲೂ ಆ ವೈರಿ ಬಿಡಲಿಲ್ಲ. ನಾಗಸಂದ್ರದಲ್ಲಿ, ನಮ್ಮ ಕೆಳಗಿನ ಮನೆಯಲ್ಲಿ, ಅವರು ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದರು. ಅದರಲ್ಲಿ ಅದೇ ಸಿಲಿಕಾ, ಅಂದರೆ ಸಿಲಿಕೇಟ್, ಹೆಚ್ಚಾದರೆ ಡಯಾಟಮ್ ಎಂಬ ಕಂದು ಪಾಚಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹೃದಯದ ಆಪರೇಷನ್ನಿಗೆ ಹೊರಟಾಗ ಕೀಲಿ ನನ್ನ ಕೈಗಿಟ್ಟರು. "ಹವಳ ಹುಷಾರು ಸಾರ್, ಎಂಟು ವರ್ಷದಿಂದ ಸಾಕಿದೀನಿ. ಕಂದು ಕಂಡ್ರೆ ಗಾಜು ಒರೆಸೋಕೆ ಹೋಗ್ಬೇಡಿ, ನೀಲಿ ನೋಡಿ." ನೀರಿಗೆ ಔಷಧದ ಹನಿ ಬಿಟ್ಟರೆ, ಸಿಲಿಕೇಟ್ ಇದ್ದಷ್ಟೂ ನೀಲಿಯಾಗುತ್ತದೆ; ಹಿಂದೆ ಬಿಳಿ ಕಾಗದ ಹಿಡಿದು ನೋಡಬೇಕು. ಇದನ್ನು ನನಗೆ ನಾಲ್ಕು ಸಲ ಹೇಳಿದ್ದರು.

ಮೂರನೆಯ ದಿನ ತೊಟ್ಟಿಯ ಮರಳು ಕಂದುಬಣ್ಣಕ್ಕೆ ತಿರುಗಿತು. ನಾನು ಗಾಜು ಒರೆಸಿದೆ! ತೊಟ್ಟಿಗೆಂದು ನಲ್ಲಿ ನೀರು ಸೋಸುವ ಫಿಲ್ಟರಿನಲ್ಲಿ, ಕರಗಿದ ಲವಣ ಅಳೆಯುವ ಮೀಟರು ಸೊನ್ನೆ ತೋರಿಸುತ್ತಿತ್ತು. ಅದನ್ನೇ ನಂಬಿ ಆ ನೀರಿಗೆ ಉಪ್ಪು ಬೆರೆಸಿ ತೊಟ್ಟಿಯ ನೀರನ್ನು ಬಕೆಟ್ಟುಗಟ್ಟಲೆ ಬದಲಿಸಿದೆ. ಬದಲಿಸಿದಷ್ಟೂ ಕಂದು ದಟ್ಟವಾಯಿತು. ಆರನೆಯ ದಿನ ಹವಳ ಮುದುಡಿಕೊಂಡಿತು. ಆಸ್ಪತ್ರೆಯ ಪರೀಕ್ಷೆಗಳೆಲ್ಲ ಮುಗಿದು ಮಾರನೆಯ ಬೆಳಿಗ್ಗೆ ಅವರಿಗೆ ಆಪರೇಷನ್. ಹೇಳುವುದೋ ಬಿಡುವುದೋ ತಿಳಿಯದೆ ಕೊನೆಗೆ ಫೋನ್ ಮಾಡಿಬಿಟ್ಟೆ.

"ನೀಲಿ ಎಷ್ಟಿದೆ?" ಅದೊಂದೇ ಪ್ರಶ್ನೆ.

"ನೋಡಿಲ್ಲ ಸಾರ್. ಮೀಟರ್ ಸೊನ್ನೆ ಇತ್ತಲ್ಲ..."

"ಅಯ್ಯೋ, ಮೀಟರ್‌ಗೆ ಸಿಲಿಕೇಟ್ ಕಾಣಲ್ಲ ಕಣ್ರೀ. ಫಿಲ್ಟರ್‌ನಲ್ಲಿ ಲವಣ ಹೀರೋ ರೆಸಿನ್ ಕಾಳು ಸುಸ್ತಾದ್ರೆ ಮೊದ್ಲು ನುಸುಳೋದೇ ಅದು. ತಪ್ಪು ನಂದೇ ಬಿಡಿ. ಬದಲಾಯಿಸಿ ಬರ್ಬೇಕಿತ್ತು, ಆಪರೇಷನ್ ಭಯದಲ್ಲಿ ಮರ್ತೆ. ಹೊಸದು ಸಿಂಕ್ ಕೆಳಗಿದೆ. ಹಾಕಿ, ನೀಲಿ ಹೋಗೋವರ್ಗೂ ಬರೋ ನೀರು ಚೆಲ್ಲಿ. ಆಮೇಲೆ ಆ ನೀರಲ್ಲೇ ಬದಲಿಸ್ತಾ ಹೋಗಿ."

ಹಾಗೇ ಮಾಡಿದೆ. ಹವಳ ಅರಳಲು ಹದಿನೈದು ದಿನ ಹಿಡಿಯಿತು. ನಂಜುಂಡಪ್ಪ ಆಪರೇಷನ್ ಟೇಬಲ್ಲಿನಿಂದ ಏಳಲೇ ಇಲ್ಲ.

ಹವಳ ಅರಳಿದೆ ಎಂದು ಗಿರಿಜಮ್ಮನವರಿಗೆ ಹೇಳಿದೆ. ಅವರು ಒಳಗೆ ಹೋಗಿ ನನಗೊಂದು ಲೋಟ ನೀರು ತಂದರು. ಕುಡಿಯುವ ಮೊದಲು ನನಗೇ ಗೊತ್ತಿಲ್ಲದೆ ಲೋಟವನ್ನು ಬಿಳಿ ಗೋಡೆಯ ಎದುರು ಹಿಡಿದು ಒಂದು ಕಣ್ಣು ಮುಚ್ಚಿದ್ದೆ. ಈ ಸಲ ಗಿರಿಜಮ್ಮ ಆ ಕಡೆ ತಿರುಗಲಿಲ್ಲ.